ಚಿಗವ್ವನಿಗೊಂದು ಕ್ಯಾಮ್‌ಕಾರ್ಡರ್

ಮನುಷ್ಯರಲ್ಲಿ ಎರಡು ಪಂಗಡ. ಹೊಸ ಮಷಿನ್ ಮನೆಗೆ ಬಂದರೆ ಅದರ ಜೊತೆ ಬಂದ ಪುಸ್ತಕವನ್ನು ಮೊದಲು ಓದುವವರು ಒಂದು. ಆ ಪುಸ್ತಕವನ್ನು ಮಡಚಿ ಕುಂಟುವ ಟೇಬಲ್ಲಿನ ಕಾಲಿನ ಕೆಳಗೆ ಇಡುವವರು ಇನ್ನೊಂದು. ನಾನು ಎರಡನೆಯ ಪಂಗಡದ ಮುಖಂಡ. ನಮ್ಮ ಮನೆಯಲ್ಲಿ ಒಂದನ್ನು ಬಿಟ್ಟರೆ ಯಾವ ಟೇಬಲ್ಲೂ ಕುಂಟುವುದಿಲ್ಲ. ಮಿಕ್ಸರ್, ಟಿವಿ, ಇನ್ವರ್ಟರ್, ನೀರಿನ ಫಿಲ್ಟರ್, ಎಲ್ಲದರ ವಿದ್ಯೆಯೂ ಒಂದೊಂದು ಕಾಲಿನ ಅಡಿಯಲ್ಲಿ ಭದ್ರವಾಗಿದೆ. ಯಾಕೆ ಓದಬೇಕು ಹೇಳಿ. ತಲೆಗೂದಲು ಕರ್ರಗಿದ್ದಾಗ ಹಿಡಿದ ಸ್ಟೇರಿಂಗನ್ನು ಅದು ಬೆಳ್ಳಗಾದ ಮೇಲೆ ಬಿಟ್ಟವನು ನಾನು. ಲಿಂಗಸುಗೂರಿನಿಂದ ಮಸ್ಕಿ ಮೇಲೆ ಸಿಂಧನೂರಿಗೆ ಸರ್ಕಾರಿ ಬಸ್ಸು ಓಡಿಸಿದವನು. ಗೇರಿನ ಕೋಲು ಕೈಗೇ ಕಿತ್ತು ಬಂದ ದಿನವೂ ಗಾಡಿಯನ್ನು ಸಿಂಧನೂರು ಸ್ಟ್ಯಾಂಡಿಗೆ ಮುಟ್ಟಿಸಿದ್ದೇನೆ. ಒಳಗೆ ಕೂತ ಮಂದಿಯೇ ನಂಬಲಿಲ್ಲ, ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ಅಂಥವನಿಗೆ ಅಂಗೈಯಗಲದ ಒಂದು ಕ್ಯಾಮೆರಾ ಯಾವ ಲೆಕ್ಕ.

ನನ್ನ ಇನ್ನೊಂದು ವಿದ್ಯೆ ಕೀಟಲೆ. ಡ್ರೈವರಿಕೆಯಿಂದ ರಿಟೈರ್ ಆದೆ, ಇದರಿಂದ ಆಗಿಲ್ಲ. "ಈ ಬಸ್ ಸಿಂಧನೂರಿಗೆ ಹೋಗ್ತದೇನ್ರಿ?" ಎಂದು ಯಾರಾದರೂ ಕೇಳಿದರೆ, "ಬಸ್ಸಂತೂ ಹೋಗ್ತದ, ನೀವು ಹೋಗ್ತೀರೋ ಇಲ್ಲೋ ನೀವ ನೋಡ್ರಿ" ಎನ್ನುತ್ತಿದ್ದೆ. ಅರ್ಧ ಮಂದಿ ಇಳಿದು ಇನ್ನೊಬ್ಬರನ್ನು ಕೇಳಿ ಮತ್ತೆ ಹತ್ತುತ್ತಿದ್ದರು. ಆದರೆ ನನ್ನ ಕೀಟಲೆಗಳಲ್ಲಿ ಕಿರೀಟ ಇಡಬೇಕಾದದ್ದು ರೇಡಿಯೋದ್ದಕ್ಕೆ. ನನ್ನ ಹೆಂಡತಿ ಶಾಂತವ್ವನ ತಾಯಿಯ ತಂಗಿ ಹುಲಿಗೆವ್ವ ಸಂತೆಕಲ್ಲೂರಿನಲ್ಲಿದ್ದಾಳೆ. ನನಗೆ ಅತ್ತೆಯಾಗಬೇಕು, ಮನೆಮಂದಿಗೆಲ್ಲ ಚಿಗವ್ವ. ಆಕೆ ಹಾಡಲು ಕೂತರೆ ಕೇರಿಯವರು ಒಲೆಯ ಮೇಲಿನ ಅನ್ನ ಮರೆಯುತ್ತಾರೆ. ಒಮ್ಮೆ ಆಕೆ ನಮ್ಮ ಮನೆಗೆ ಬಂದಿದ್ದಾಗ ನಾನು ಒಳಕೋಣೆಯಲ್ಲಿ ಕೂತು ಹೆಂಡತಿಯ ಫೋನಿಗೆ ಕರೆ ಮಾಡಿ, ಮೂಗು ಹಿಡಿದುಕೊಂಡು, "ನಾವು ರೇಡಿಯೋದವರು ಮಾತಾಡುತ್ತಿದ್ದೇವೆ, ಹುಲಿಗೆಮ್ಮನವರು ಹಾಡಬೇಕು" ಎಂದೆ. ಚಿಗವ್ವ ಸೆರಗು ಸರಿಮಾಡಿಕೊಂಡು, ಫೋನನ್ನು ಎರಡೂ ಕೈಯಲ್ಲಿ ಹಿಡಿದು, ಒಂದಾದ ಮೇಲೊಂದು ಹಾಡಿದಳು. ನಡುನಡುವೆ ನಾನು "ಬಹಳ ಚೆನ್ನಾಗಿದೆ, ಮುಂದುವರಿಸಿ" ಎನ್ನುತ್ತಿದ್ದೆ. ಕೊನೆಗೆ ಚಹಾದ ಕಪ್ಪು ಹಿಡಿದು ಕೋಣೆಯಿಂದ ಹೊರಗೆ ಬಂದೆ, ಫೋನು ಕಿವಿಯಲ್ಲೇ ಇತ್ತು. ಚಿಗವ್ವ ನನ್ನನ್ನು ನೋಡಿದಳು, ಫೋನನ್ನು ನೋಡಿದಳು, ಎದ್ದು ಚಪ್ಪಲಿ ಹುಡುಕಿದಳು. ಇದು ನಡೆದು ಬಹಳ ವರ್ಷವಾಯಿತು. ನಾನು ಇವತ್ತಿಗೂ ನೆನೆಸಿಕೊಂಡು ನಗುತ್ತೇನೆ, ಹೆಂಡತಿ ಎದುರಿಗೆ ಇಲ್ಲದಿದ್ದಾಗ.

ಈಗ ಕ್ಯಾಮೆರಾದ ವಿಷಯ ಯಾಕೆ ಬಂತು ಅಂದರೆ, ಮೊಮ್ಮಗಳ ಮದುವೆ ಗೊತ್ತಾಯಿತು. ಹುಡುಗ ಸಿಂಧನೂರಿನವನು, ಮದುವೆ ನಮ್ಮ ಮಸ್ಕಿಯಲ್ಲಿ. ನಮ್ಮ ಕಡೆ ಮದುವೆಯೆಂದರೆ ಬೀಗರ ಪದ ಬೇಕು. ಹೆಣ್ಣಿನ ಕಡೆಯ ಹೆಂಗಸರು ಗಂಡಿನ ಕಡೆಯವರನ್ನು ಎದುರಿಗೆ ಕೂರಿಸಿಕೊಂಡು ಹಂಗಿಸಿ ಹಾಡುವ ಪದ ಅದು. ಬೀಗರ ಮೀಸೆ, ಬೀಗಿತಿಯ ನಡಿಗೆ, ಮದುಮಗನ ಕಿವಿ, ಒಂದನ್ನೂ ಬಿಡುವುದಿಲ್ಲ. ಅನ್ನಿಸಿಕೊಂಡವರು ಸಿಟ್ಟಾಗುವ ಹಾಗಿಲ್ಲ, ಎಲೆ ಅಡಿಕೆ ಜಗಿಯುತ್ತ ನಗಬೇಕು. ಈಗಿನ ಹುಡುಗಿಯರಿಗೆ ಅದು ಬರುವುದಿಲ್ಲ. ಡಿಜೆಯವನಿಗೆ ಹೇಳಿದರೆ ಅವನು ಹಾಕುವ ಹಾಡಿನಲ್ಲಿ ಬೈದರೋ ಹೊಗಳಿದರೋ ಬೀಗರಿಗೂ ತಿಳಿಯುವುದಿಲ್ಲ. ಪದಗಳೆಲ್ಲ ಇರುವುದು ಚಿಗವ್ವನ ಗಂಟಲಲ್ಲಿ, ಆ ಗಂಟಲು ವರ್ಷದಿಂದ ವರ್ಷಕ್ಕೆ ಸಣ್ಣಗಾಗುತ್ತಿದೆ. ಮೊಣಕಾಲು ನೋವು, ಬಸ್ಸು ಹತ್ತಲಾರಳು. "ಆಕಿ ದನಿ ಇರೂದ್ರಾಗ ತುಂಬಿ ಇಟ್ಕೋಬೇಕ್ರಿ" ಎಂದು ಶಾಂತವ್ವ ಹಟ ಹಿಡಿದಳು. "ಹುಡುಗ್ಯಾರು ನೋಡಿ ಕಲೀತಾರ. ನಾಳೆ ಆಕಿ ಇಲ್ಲಂದ್ರ ನಮ್ಮ ಮನ್ಯಾಗ ಯಾರ ಬಾಯಾಗೂ ಒಂದು ಪದ ಉಳಿಯಂಗಿಲ್ಲ." ಇದನ್ನು ಆಕೆ ಸಿಟ್ಟಿನಲ್ಲಿ ಹೇಳಿದ್ದರೆ ತಮಾಷೆ ಮಾಡಬಹುದಿತ್ತು. ಮೆಲ್ಲಗೆ ಹೇಳಿದಳು.

ಮೊದಲು ಫೋನು ಹಿಡಿದುಕೊಂಡು ಆಕೆಯೇ ಸಂತೆಕಲ್ಲೂರಿಗೆ ಹೋದಳು. ಚಿಗವ್ವ ಫೋನಿನ ಮುಖ ನೋಡಿ, "ಆ ಕಡಿ ಯಾರದಾರ ಮೊದಲ ಹೇಳು" ಎಂದಳಂತೆ.

"ಯಾರೂ ಇಲ್ಲ ಚಿಗವ್ವ, ಬರೇ ತುಂಬಿಕೊಳ್ಳಾಕತ್ತೀನಿ."

"ಯಾರೂ ಇಲ್ಲಂದ್ರ ಫೋನ್ ಯಾಕ ಹಿಡದಿ? ನಿನ್ನ ಗಂಡ ಎಲ್ಲಿ ಕುಂತಾನ ನೋಡು. ಗ್ವಾಡಿ ಹಿಂದ ನೋಡು."

ನಾನು ಆ ಹೊತ್ತಿಗೆ ಮಸ್ಕಿಯಲ್ಲಿ ಮಲಗಿದ್ದೆ. ಆದರೂ ಚಿಗವ್ವ ಹಾಡಲಿಲ್ಲ. ಫೋನು ಮುಂದೆ ಬಂದರೆ ಬಾಯಿಯೇ ತೆರೆಯುವುದಿಲ್ಲ ಎಂದು ಖಂಡಿತವಾಗಿ ಹೇಳಿ ಕಳಿಸಿದಳು. ಫೋನಲ್ಲದ ಮಷಿನ್ ತಂದರೆ ಒಂದು ಸಲ, ಒಂದೇ ಸಲ, ಕೂತು ಹಾಡುತ್ತೇನೆ ಎಂದೂ ಹೇಳಿದಳು. ಶಾಂತವ್ವ ಮನೆಗೆ ಬಂದು ನನ್ನನ್ನು ನೋಡಿದ ರೀತಿಯಲ್ಲಿ, ಕ್ಯಾಮೆರಾ ತರಬೇಕಾದವನು ಯಾರು ಎಂಬುದು ತೀರ್ಮಾನವಾಗಿ ಹೋಗಿತ್ತು.

ಇಲ್ಲಿ ನಿಮಗೆ ಒಂದು ಮಾತು ಕಿವಿಯಲ್ಲಿ ಹೇಳಬೇಕು. ಚಿಗವ್ವನ ಪದಗಳೆಲ್ಲ ಉಳಿಯಲಿ ಎಂಬುದು ನನ್ನ ಆಸೆಯೂ ಹೌದು, ಒಂದನ್ನು ಬಿಟ್ಟು. ನನ್ನ ಮದುವೆಯಲ್ಲಿ ಆಕೆ ನನ್ನ ಮೇಲೆ ಒಂದು ಪದ ಕಟ್ಟಿ ಹಾಡಿದ್ದಳು. ಅದನ್ನು ಕೇಳಿದವರಲ್ಲಿ ಹೆಚ್ಚಿನವರು ಈಗಿಲ್ಲ, ಇದ್ದವರಿಗೆ ನೆನಪಿಲ್ಲ. ಮಗಳಿಗೆ, ಅಳಿಯನಿಗೆ, ಡಿಪೋದ ಗೆಳೆಯರಿಗೆ ನಾನು ಹೇಳುತ್ತ ಬಂದಿರುವುದು, ಆ ಪದದಲ್ಲಿ ನನ್ನ ಕಣ್ಣುಗಳ ವರ್ಣನೆ ಇದೆ ಎಂದು. ಅದು ಸುಳ್ಳಲ್ಲ. ಕಣ್ಣುಗಳ ಪ್ರಸ್ತಾಪ ಅದರಲ್ಲಿ ಇದೆ. ಶಾಂತವ್ವ ಮಾತ್ರ ಈ ಮಾತು ಬಂದಾಗಲೆಲ್ಲ ಅಡುಗೆಮನೆಗೆ ಹೋಗಿ ನಕ್ಕು ಬರುತ್ತಾಳೆ. ಆ ಒಂದು ಪದ ಕ್ಯಾಮೆರಾದೊಳಗೆ ಹೋಗಕೂಡದು, ಮಿಕ್ಕಿದ್ದೆಲ್ಲ ಹೋಗಲಿ. ಆದ್ದರಿಂದ ಕ್ಯಾಮೆರಾ ಕೊಳ್ಳುವುದೂ ನಾನೇ, ಹಿಡಿಯುವುದೂ ನಾನೇ ಎಂದು ಮೊದಲೇ ಘೋಷಿಸಿದೆ. ಮನೆಯವರು ಇದನ್ನು ಉತ್ಸಾಹ ಎಂದುಕೊಂಡರು.

ಮೊದಲು ಲಿಂಗಸುಗೂರಿಗೆ ಹೋದೆ. ದೊಡ್ಡ ಅಂಗಡಿ, ಗಾಜಿನ ಬಾಗಿಲು. "ವಿಡಿಯೋ ಕ್ಯಾಮೆರಾ ಬೇಕಿತ್ತು" ಎಂದೆ. ಅಂಗಡಿಯವನು ಬಿಳಿ ಬಲ್ಬಿನಂಥದ್ದೊಂದನ್ನು ತಂದಿಟ್ಟು, "ಗ್ವಾಡಿಗೆ ಬಡೀತೀರೋ ಗೇಟಿಗೆ ಬಡೀತೀರೋ?" ಎಂದ. "ಕೈಯಾಗ ಹಿಡಿಯೂದು" ಎಂದೆ. "ಕೈಯಾಗ ಹಿಡದು ಎಷ್ಟೊತ್ತು ಕಾಯ್ತೀರಿ? ಕಳ್ಳರ ಕಾಟ ಭಾಳ ಅದೇನ್ರಿ ನಿಮ್ಮ ಓಣ್ಯಾಗ?" ಎಂದು ಕನಿಕರದಿಂದ ಕೇಳಿದ. "ಕಳ್ಳರಿಲ್ಲ, ನಮ್ಮತ್ತಿ ಅದಾಳ" ಎಂದೆ. ಅವನು ಸ್ವಲ್ಪ ಹೊತ್ತು ಯೋಚಿಸಿ, ಹಾಗಾದರೆ ರಾತ್ರಿಯೂ ಕಾಣಿಸುವಂಥದ್ದು ತಗೊಳ್ಳಿ ಎಂದು ಇನ್ನೊಂದು ಡಬ್ಬಿ ತೆಗೆದ. ನಾನು ಅಲ್ಲಿಂದ ಬಂದುಬಿಟ್ಟೆ. ಕೀಟಲೆ ಮಾಡುವವನು ನಾನು ಎಂಬ ನಿಯಮ ಇದ್ದರೇ ಚೆಂದ.

ಕೊನೆಗೆ ನೆನಪಾದವನು ಸಿಂಧನೂರಿನ ಖಾದರಸಾಬ. ಒಂದು ಕಾಲದಲ್ಲಿ ಸುತ್ತಿನ ಹಳ್ಳಿಗಳ ಮದುವೆಗಳನ್ನೆಲ್ಲ ಹೆಗಲ ಮೇಲಿನ ಕ್ಯಾಮೆರಾದಲ್ಲಿ ಹಿಡಿದವನು, ನನ್ನ ಬಸ್ಸಿನ ಕಾಯಂ ಗಿರಾಕಿ. ಈಗ ಮಕ್ಕಳು ಡ್ರೋನು ಹಾರಿಸುತ್ತಾರೆ, ಇವನು ಅಂಗಡಿಯಲ್ಲಿ ಕೂತು ಹಳೆಯ ಹೊಸ ಕ್ಯಾಮೆರಾ ಮಾರುತ್ತಾನೆ. ಬಡಾಯಿಯಲ್ಲಿ ನನಗಿಂತ ಒಂದು ತೂಕ ಹೆಚ್ಚು, ಅದಕ್ಕೇ ನನಗೆ ಅವನ ಮೇಲೆ ಗೌರವ.

"ಆವೋ ಡ್ರೈವರ್ ಸಾಬ್," ಎಂದ. "ಕ್ಯಾಮ್‌ಕಾರ್ಡರ್ ಕೇಳಿಕೋತ ಬಂದವ್ರು ಭಾಳ ದಿನದ ಮ್ಯಾಲ ನೀವ ನೋಡ್ರಿ. ಎಲ್ಲಾರಿಗೂ ಈಗ ಫೋನ್ ಸಾಕಾಗ್ಯದ."

"ನಮ್ಮತ್ತಿಗೆ ಸಾಲದು" ಎಂದೆ.

ಅವನು ಮೂರು ಡಬ್ಬಿ ಇಳಿಸಿ, ಒಂದು ಕ್ಯಾಮೆರಾ ಬಿಚ್ಚಿ ಪಾಠ ಶುರುಮಾಡಿದ. ನಾನು ಕೇಳಿರಲಿಲ್ಲ, ಆದರೆ ಅಂಗಡಿಗೆ ಬೇರೆ ಗಿರಾಕಿ ಇರಲಿಲ್ಲ. "ನೋಡ್ರಿ ಸಾಬ್, ನಮ್ಮ ಕಡಿ ಗದ್ದಿಗೆ ಕಾಲುವಿ ನೀರು ಹೆಂಗ ಬರ್ತದ? ತೂಬು ತೆಗದ್ರ ಬರ್ತದ, ಮಡಿ ಮಡಿಗೆ ತುಂಬ್ತದ. ಇದೂ ಹಂಗ. ನೀರಿನ ಬದಲಿ ಬೆಳಕು. ಮುಂದಿನ ಗಾಜು ಕಾಲುವಿ. ಅದರ ಹಿಂದ ಒಂದು ತೂಬು, ಬಿಸಲಾಗ ಸಣ್ಣದಾಗ್ತದ, ಕತ್ತಲ್ಯಾಗ ದೊಡ್ಡದಾಗ್ತದ. ಒಳಗ ಸಾಸಿವಿ ಕಾಳಿಗಿಂತ ಸಣ್ಣ ಸಣ್ಣ ಮಡಿ, ಲಕ್ಷಗಟ್ಟಲೆ. ಯಾವ ಮಡ್ಯಾಗ ಎಷ್ಟು ಬೆಳಕು ನಿಂತದ ಅಂತ ಮಷಿನ್ ಎಣಿಸಿ ಬರಕೋತದ. ಒಂದು ಸೆಕೆಂಡಿನ್ಯಾಗ ಹತ್ತಾರು ಸಲ ತುಂಬಿ, ಎಣಿಸಿ, ಖಾಲಿ ಮಾಡ್ತದ. ಅದ ವಿಡಿಯೋ."

"ಅಂದ್ರ ಒಂದೂ ಚಿತ್ರ ಅಲುಗಾಡೂದಿಲ್ಲ?" ಎಂದೆ.

"ಒಂದೂ ಇಲ್ಲ. ಭಾಳ ಚಿತ್ರ, ಜಲ್ದಿ ಜಲ್ದಿ. ಅಲುಗಾಡಿದಂಗ ಕಾಣ್ತದ ಅಷ್ಟ."

ಇಷ್ಟು ದೊಡ್ಡ ಮೋಸವನ್ನು ಇಷ್ಟು ಸಣ್ಣ ಡಬ್ಬಿ ಮಾಡುತ್ತದೆ ಎಂದು ತಿಳಿದ ಮೇಲೆ ಆ ಮಷಿನ್ನಿನ ಮೇಲೆ ನನಗೆ ಒಂಥರಾ ಬಂಧುಭಾವ ಬಂತು. ಮಡಿ ದೊಡ್ಡದಿದ್ದಷ್ಟು ಬೆಳಕು ಹೆಚ್ಚು ನಿಲ್ಲುತ್ತದೆ, ಚಿಗವ್ವನ ಪಡಸಾಲೆಯಂಥ ಮಬ್ಬಿನಲ್ಲೂ ಮುಖ ಕಾಣುತ್ತದೆ ಎಂದ. ಅಲುಗಾಟ ತಡೆಯುವ ಗಾಜಿದೆ, ಕೈ ಎಡಕ್ಕೆ ನಡುಗಿದರೆ ಅದು ಬಲಕ್ಕೆ ಸರಿಯುತ್ತದೆ ಎಂದ. "ಗೊತ್ತಾತು, ಕಂಬ ಹಿಡಿಲಾರದ ನಿಂತು ಟಿಕೆಟ್ ಹರಿಯೂ ಕಂಡಕ್ಟರ್" ಎಂದೆ. ಆಮೇಲೆ ಝೂಮಿನ ವಿಷಯ ಬಂತು. ಮೂರರಲ್ಲಿ ಸಣ್ಣ ಕ್ಯಾಮೆರಾದ ಮೇಲೆ ಭಾರಿ ದೊಡ್ಡ ಅಂಕಿ ಬರೆದಿತ್ತು, ನನ್ನ ಕೈ ಅದರ ಕಡೆಗೇ ಹೋಯಿತು.

"ನಕ್ಕೋ ಸಾಬ್, ಅದು ಬ್ಯಾಡ," ಎಂದು ಖಾದರಸಾಬ ಕೈ ಹಿಡಿದ. "ಗಾಜು ಮುಂದ ಹಿಂದ ಸರದು ಹತ್ರ ತರೂದು ಖರೇ ಝೂಮ್. ಇದು ಬಂದ ಚಿತ್ರಾನ ಒಳಗ ಜಗ್ಗಿ ದೊಡ್ಡದು ಮಾಡ್ತದ, ಬರೇ ಹೆಸರಿಗೆ ಝೂಮ್."

"ಹಿಟ್ಟು ಅಷ್ಟ ಇಟಗೊಂಡು ರೊಟ್ಟಿ ದೊಡ್ಡದು ಬಡದ್ರ ನಡುವ ಹರೀತದಲ್ಲ, ಹಂಗ?"

ಈ ರೊಟ್ಟಿಯ ಹೋಲಿಕೆಯನ್ನು ಅವನು ಈಗ ಎಲ್ಲ ಗಿರಾಕಿಗಳಿಗೂ ಹೇಳುತ್ತಾನೆ ಎಂದು ಕೇಳಿದ್ದೇನೆ. ನನ್ನ ಹೆಸರು ಹೇಳುವುದಿಲ್ಲ.

ನನಗೆ ಒಳಗೊಳಗೆ ಬೇಕಾಗಿದ್ದದ್ದು ಹೆಗಲ ಮೇಲೆ ಇಡುವ ದೊಡ್ಡದು. ಅದನ್ನು ಹೊತ್ತುಕೊಂಡು ಸಂತೆಕಲ್ಲೂರಿನಲ್ಲಿ ಶೇರ್ ಆಟೋದಿಂದ ಇಳಿದರೆ ಹೇಗಿರುತ್ತದೆ ಎಂದು ಆಗಲೇ ಲೆಕ್ಕ ಹಾಕಿದ್ದೆ. "ಅದನ್ನ ಹೊತಗೊಂಡು ಹೋದ್ರ ಸರಕಾರದವ್ರು ಬಂದ್ರಂತ ನಿಮ್ಮತ್ತಿ ಹಾಡೂದು ಬಿಟ್ಟು ಆಧಾರ್ ಕಾರ್ಡ್ ತಂದು ತೋರಸ್ತಾಳ" ಎಂದ ಖಾದರಸಾಬ. "ಹಾಡಿಗೆ ಕಣ್ಣಿಗಿಂತ ಕಿವಿ ದೊಡ್ಡದಿರಬೇಕು ಸಾಬ್. ಈ ನಡುವಿಂದು ನೋಡ್ರಿ, ಬ್ಯಾರೆ ಮೈಕ್ ಹಚ್ಚಾಕ ತೂತು ಅದ. ಮೈಕಿಗೆ ಈ ಕೂದಲಿನ ಟೊಪ್ಪಿಗಿ ಹಾಕ್ರಿ, ಗಾಳಿ ಸಪ್ಪಳ ಬರೂದಿಲ್ಲ." ಬೆಕ್ಕಿನ ಮರಿಯಂಥ ಟೊಪ್ಪಿಗೆಯನ್ನು ಮೈಕಿಗೆ ತೊಡಿಸಿ ತೋರಿಸಿದ. ನಡುವಿನದನ್ನು ಕೈಗೆ ತೆಗೆದುಕೊಂಡೆ. ಪಕ್ಕದ ಪಟ್ಟಿಯೊಳಗೆ ನಾಲ್ಕು ಬೆರಳು ಕೂತವು, ಹೆಬ್ಬೆರಳು ತಾನಾಗಿ ಬಟನ್ನಿನ ಮೇಲೆ ಬಂತು. ಗೇರಿನ ಗುಂಡಿಗೆ ಅಂಗೈ ಕೂತ ಹಾಗೇ ಆಯಿತು. ಅಲ್ಲಿಗೆ ಆಯ್ಕೆ ಮುಗಿಯಿತು. ಜನ ಕ್ಯಾಮೆರಾ ಆರಿಸಲು ವಾರಗಟ್ಟಲೆ ಇಂಟರ್‌ನೆಟ್ಟಿನಲ್ಲಿ ಓದುತ್ತಾರಂತೆ, ಅಂಗೈಯನ್ನು ಕೇಳಿದ್ದರೆ ಒಂದು ನಿಮಿಷದ ಕೆಲಸ.

ಡಬ್ಬಿ ಕಟ್ಟುವಾಗ ಖಾದರಸಾಬ, "ಇನ್ನ ಬತ್ತಿ ವಿಷಯ ಒಂದು ಉಳದದ. ಮುಂದ ಲಾಲ್ ಬತ್ತಿ ಹತ್ತಿತಂದ್ರ..." ಎಂದು ಶುರುಮಾಡಿದ.

"ಖಾದರಸಾಬ," ಎಂದೆ, "ಕೆಂಪು ದೀಪದ ವಿಷಯ ಒಬ್ಬ ಡ್ರೈವರಿಗೆ ಹೇಳಿ ನಿನ್ನ ಮರ್ಯಾದಿ ಕಳಕೋಬ್ಯಾಡ."

ಅವನು ದಾರ ಕಟ್ಟಿ ಡಬ್ಬಿಯನ್ನು ನನ್ನ ಕಡೆ ಸರಿಸಿದ. ಕ್ಯಾಮೆರಾದ ಪುಸ್ತಕವನ್ನು ಮನೆಗೆ ಬಂದ ಕೂಡಲೇ ಟಿವಿ ಟೇಬಲ್ಲಿನ ಹಿಂದಿನ ಕಾಲಿಗೆ ಇಟ್ಟೆ. ಅಷ್ಟು ದಿನ ಕುಂಟುತ್ತಿದ್ದ ಟೇಬಲ್ಲು ಅದೊಂದೇ.

ಮರುದಿನ ಅಂಗಳದಲ್ಲಿ ಕೂತು ಮಷಿನ್ನನ್ನು ಅಭ್ಯಾಸ ಮಾಡಿದೆ. ಪಕ್ಕದ ಸಣ್ಣ ಪರದೆ ಬಿಚ್ಚಿದರೆ ಸಾಕು, ಜೀವ ಬರುತ್ತದೆ. ಮೂಲೆಯಲ್ಲಿ ಹಸಿರು ಅಕ್ಷರ ಬರುತ್ತದೆ, ಎಸ್.ಟಿ.ಬಿ.ವೈ. ಎಂದು. ಎಸ್.ಟಿ. ಎಂದರೆ ಸ್ಟಾರ್ಟ್, ಅದಕ್ಕೆ ವಿದ್ವಾಂಸ ಬೇಕಾಗಿಲ್ಲ. ಅಕ್ಷರ ಹಸಿರು ಬೇರೆ, ಅಂದರೆ ಗಾಡಿ ಹೊರಟಿದೆ. ಹೆಬ್ಬೆರಳಿನ ಬಟನ್ ಒತ್ತಿದರೆ ಮುಂದೆ ಕೆಂಪು ದೀಪ ಹತ್ತುತ್ತದೆ, ಪರದೆಯ ಮೇಲೂ ಕೆಂಪು ಅಕ್ಷರ, ಆರ್.ಇ.ಸಿ. ಮುಂದೆ ಹೋಗುವ ಲಾರಿಗೆ ಕೆಂಪು ದೀಪ ಹತ್ತಿದರೆ ಅವನು ಬ್ರೇಕ್ ಹಾಕಿದ್ದಾನೆ. ಆರ್.ಇ. ಎಂದರೆ ರೆಸ್ಟ್, ಜಾಗ ಸಾಲದೆ ಪೂರ್ತಿ ಬರೆದಿಲ್ಲ. ಕೆಂಪಿನಲ್ಲಿ ಪಕ್ಕಕ್ಕೆ ನಿಮಿಷ ಸೆಕೆಂಡು ಓಡುತ್ತವೆ, ಬಸ್ ಸ್ಟ್ಯಾಂಡಿನಲ್ಲಿ ಗಾಡಿ ಎಷ್ಟು ಹೊತ್ತು ನಿಂತಿತು ಎಂದು ಕಂಟ್ರೋಲರ್ ಬರೆದುಕೊಂಡ ಹಾಗೆ. ಎಷ್ಟು ಶಿಸ್ತಿನ ಮಷಿನ್ ಎಂದು ಮೆಚ್ಚಿಕೊಂಡೆ. ತುಂಬಿದ್ದನ್ನು ತಿರುಗಿ ಹಾಕಿ ಪರೀಕ್ಷೆ ಮಾಡಿರಿ ಎಂದು ಶಾಂತವ್ವ ಹೇಳಿದಳು. ಪರೀಕ್ಷೆ ಅನುಮಾನ ಇದ್ದವರಿಗೆ.

ಸಂತೆಕಲ್ಲೂರಿನಲ್ಲಿ ಚಿಗವ್ವ ಸ್ನಾನ ಮಾಡಿ, ಹೊಸ ಇಳಕಲ್ ಸೀರೆ ಉಟ್ಟು, ಕಂಬಕ್ಕೆ ಒರಗಿ ಕೂತಿದ್ದಳು. ಮಷಿನ್ನನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಇದ್ರಾಗ ಯಾರೂ ಮಾತಾಡಂಗಿಲ್ಲ?" ಎಂದಳು. ಇಲ್ಲ ಎಂದೆ. "ನೀನೂ?" ಎಂದಳು. ನಾನೂ ಇಲ್ಲ ಎಂದೆ. ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಚಾರ್ಜರನ್ನು ಗೋಡೆಯ ಪ್ಲಗ್ಗಿಗೆ ಕೊಟ್ಟು, ಮೈಕಿಗೆ ಬೆಕ್ಕಿನ ಟೊಪ್ಪಿಗೆ ಹಾಕಿ, ಪರದೆ ತೆರೆದೆ. ಹಸಿರು ಬಂತು. "ಸುರು" ಎಂದೆ.

ಚಿಗವ್ವ ಕ್ಯಾಮೆರಾದ ಮುಖವನ್ನು ಒಮ್ಮೆ ದಿಟ್ಟಿಸಿ ನೋಡಿದಳು. ನನ್ನನ್ನು ನೋಡಿದಳು. "ಸುರು ಆಗ್ಯದೇನು?" ಎಂದಳು.

"ಆಗ್ಯದ ಅತ್ತಿ. ಹಾಡ್ರಿ."

ಹಾಡಿದಳು. ಪದಗಳು ಒಂದರ ಹಿಂದೆ ಒಂದು ಬಂದವು. ಆದರೆ ಅದು ನಾನು ಕೇಳಿದ ಚಿಗವ್ವನ ದನಿಯಲ್ಲ. ಶಾಲೆಯಲ್ಲಿ ಮಗ್ಗಿ ಒಪ್ಪಿಸಿದ ಹಾಗೆ, ಕೈ ತೊಡೆಯ ಮೇಲೆ, ಕಣ್ಣು ಗೋಡೆಯ ಮೇಲೆ, ದನಿ ಅರ್ಧ. ಶಾಂತವ್ವ ಎದುರಿಗೆ ಕೂತು, "ಸ್ವಲ್ಪ ಬಾಯಿ ಬಿಟ್ಟು ಹಾಡ ಚಿಗವ್ವ" ಎಂದು ಅಂಗಲಾಚಿದಳು. "ಈ ಮಷಿನ್ನಿಗೆ ಇಷ್ಟು ಸಾಕು" ಎಂದಳು ಚಿಗವ್ವ. ಪಾಪ, ಮುದುಕಿ ಹೆದರಿದ್ದಾಳೆ ಎಂದುಕೊಂಡೆ. ಶಾಂತವ್ವನ ಮುಖ ಇಳಿಯಿತು.

ಬಹಳ ಹೊತ್ತಿನ ಮೇಲೆ, ನಾನು ಕಾಯುತ್ತಿದ್ದದ್ದು ಬಂತು. "ಇವ್ರ ಪದ ಹಾಡ ಚಿಗವ್ವ, ನಮ್ಮ ಲಗ್ನದ್ದು" ಎಂದಳು ಶಾಂತವ್ವ. ನಾನು ಮೊದಲೇ ತಯಾರಿದ್ದೆ. "ಮಷಿನ್ ಬಿಸಿ ಆಗ್ಯದ, ಜರಾ ರೆಸ್ಟ್ ಕೊಡಬೇಕು" ಎಂದು ಬಟನ್ ಒತ್ತಿದೆ. ಕೆಂಪು ದೀಪ ಹತ್ತಿತು. ಕೀಟಲೆಯವನಿಗೆ ಇಂಥ ಗಳಿಗೆಯಲ್ಲಿ ಮುಖ ಸಪ್ಪಗಿಟ್ಟುಕೊಳ್ಳುವುದೇ ಕಷ್ಟದ ಕೆಲಸ, ಇಟ್ಟುಕೊಂಡೆ.

ಚಿಗವ್ವ ದೀಪ ನೋಡಿದಳು. ಬಾಯಿಯ ಎಲೆ ಅಡಿಕೆ ಉಗುಳಿ ಬಂದಳು. "ಬಂದ್ ಆತೇನು ಅಳಿಯಪ್ಪ?" ಎಂದಳು.

"ಬಂದ್ ಆಗ್ಯದ."

"ಖರೇನ ಬಂದ್ ಆತೇನು? ಮತ್ತ ನಾಳೆ ನಾಕು ಮಂದಿ ಮುಂದ ಬರಬಾರದು ನೋಡು."

"ಕೆಂಪು ದೀಪ ಹತ್ತ್ಯದಲ್ಲ ಅತ್ತಿ, ಮಕ್ಕೊಂಡದ ಅದು. ನಿಶ್ಚಿಂತಿಂದ ಹಾಡ್ರಿ."

"ಹಾಡಬ್ಯಾಡ ಚಿಗವ್ವ, ಮಷಿನ್ ಎದ್ದ ಮ್ಯಾಲ ಹಾಡೀಯಂತ" ಎಂದು ಶಾಂತವ್ವ ತಡೆದಳು. "ಬಾಯಿಗೆ ಬಂದಿದ್ದು ತಡಿಯಾಕ ಬರಂಗಿಲ್ಲ ನನಗ" ಎಂದು ಚಿಗವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಾಡಿದಳು. ಎಷ್ಟೋ ವರ್ಷ ಹಿಂದೆ ನಮ್ಮ ಮದುವೆಯ ಹಂದರದಲ್ಲಿ ಕೇಳಿದ ದನಿ ಅದು. ಪಕ್ಕದ ಮನೆಯವರು ಬಾಗಿಲಿಗೆ ಬಂದರು. ಕೈ ತಟ್ಟಿದಳು, ನನ್ನ ನಡಿಗೆ ಮಾಡಿ ತೋರಿಸಿದಳು, ಮೊಣಕಾಲು ನೋವು ಎಲ್ಲಿ ಹೋಯಿತೋ. ಪದ ಮುಗಿದ ಮೇಲೆ ನನ್ನ ಕೀಟಲೆಗಳ ಬಗ್ಗೆ ಒಂದಷ್ಟು ಗದ್ಯವೂ ಬಂತು. ನಾನು ಉದಾರವಾಗಿ ನಕ್ಕೆ. ಮುಗಿದ ಮೇಲೆ ಬಟನ್ ಒತ್ತಿ ಹಸಿರು ತಂದೆ. ಚಿಗವ್ವ ಮತ್ತೆ ಕೈ ತೊಡೆಯ ಮೇಲಿಟ್ಟು, "ಇನ್ನ ಸಾಕಾತು, ದಣಿವಾಗ್ಯದ" ಎಂದಳು.

ನಾಲ್ಕು ದಿನದಲ್ಲಿ ಸಿಂಧನೂರಿನ ಬ್ಯಾಗರು, ಕ್ಷಮಿಸಿ, ಬೀಗರು ಮನೆಗೆ ಬಂದರು. ಬ್ಯಾಗು ಬಹಳ ತಂದಿದ್ದರು, ಅದಕ್ಕೆ ನಾಲಿಗೆ ತಪ್ಪಿತು. ಮದುವೆಯ ಅಡುಗೆಯ ಮಾತು ಮುಗಿದ ಮೇಲೆ ನಾನು ಸುಮ್ಮನಿರಬಹುದಿತ್ತು. ಕ್ಯಾಮೆರಾದ ಮಾತು ತೆಗೆದೆ. ಗದ್ದೆಯ ಮಡಿ, ಕಂಡಕ್ಟರ್, ರೊಟ್ಟಿ, ಎಲ್ಲ ಹೇಳಿದೆ. "ನಿಮ್ಮನ್ನ ಬೈಯೂ ಪದ ಎಲ್ಲಾ ಇದ್ರಾಗ ತಯಾರದಾವ ನೋಡ್ರಿ" ಎಂದೆ. "ಒಂದು ಸ್ಯಾಂಪಲ್ ತೋರಸ್ರಿ ಹಂಗಾದ್ರ" ಎಂದರು ಬೀಗರು. ಅಳಿಯ ಕ್ಯಾಮೆರಾಕ್ಕೂ ಟಿವಿಗೂ ವೈರು ಹಚ್ಚಿದ. ಬೀಗಿತಿ ಕುರ್ಚಿಯನ್ನು ಮುಂದೆ ಎಳೆದುಕೊಂಡರು.

"ಮಾವಾ, ನಿಮ್ಮ ಅಂಗಳದ್ದು ಬಿಟ್ರ ಇದ್ರಾಗ ಒಂದ ವಿಡಿಯೋ ಅದ" ಎಂದ ಅಳಿಯ.

ಎಲ್ಲ ಪದವೂ ಒಂದರಲ್ಲೇ ಕೂಡಿರಬೇಕು ಎಂದೆ. ಒತ್ತಿದ. ಟಿವಿಯ ತುಂಬ ಚಿಗವ್ವನ ಮುಖ ಬಂತು, ಸ್ಪಷ್ಟ ಅಂದರೆ ಸ್ಪಷ್ಟ, ಮೂಗುತಿಯ ಹರಳು ಕೂಡ. ಖಾದರಸಾಬ ಮೋಸ ಮಾಡಿಲ್ಲ ಎಂದು ನಾನು ಅಂದುಕೊಳ್ಳುವಷ್ಟರಲ್ಲಿ ಆ ಮುಖ ಮಾತಾಡಿತು. "ಬಂದ್ ಆತೇನು ಅಳಿಯಪ್ಪ?"

ನನ್ನದೇ ದನಿ, ಬೆಕ್ಕಿನ ಟೊಪ್ಪಿಗೆಯ ಕೃಪೆಯಿಂದ ಗಾಳಿಯ ಸದ್ದೇ ಇಲ್ಲದೆ, ಉತ್ತರ ಕೊಟ್ಟಿತು. "ಬಂದ್ ಆಗ್ಯದ."

ಆಮೇಲೆ ಪದ ಬಂತು. ಮುಚ್ಚಿಟ್ಟು ಇನ್ನು ಫಲವಿಲ್ಲ, ನೀವೂ ಕೇಳಿಬಿಡಿ.

ಕರಿಯ ಚಸ್ಮಾ ಇಟ್ಟು ಕತ್ತಲ್ಯಾಗ ಬಂದಾನ
ಮಾವ ಯಾರಂತ ತಿಳಿಲಿಲ್ಲ, ನಮ್ಮಳಿಯ
ಬಾಜಾದವನ ಕಾಲ ಹಿಡದಾನ

ಬಾಜಾದವ ನಕ್ಕಾನ ಬಾಯ್ತುಂಬ ಹರಸ್ಯಾನ
ಕೊಡಲಾಕ ಮಗಳಿಲ್ಲ ನನಗಂದ, ಅಳಿಯಪ್ಪ
ತುತೂರಿ ಐತಿ ಒಯ್ಯಂದ

ಹಂದರದೊಳಗೆ ಮಬ್ಬಿತ್ತು, ಕರಿ ಚಸ್ಮಾ ಗೆಳೆಯನದು, ಬ್ಯಾಂಡ್ ಬಾರಿಸುವವನೂ ಮಾವನೂ ಒಂದೇ ಬಣ್ಣದ ರುಮಾಲು ಸುತ್ತಿದ್ದರು. ಇಷ್ಟು ವಿವರಣೆಯನ್ನು ನಾನು ಬೀಗರಿಗೆ ಕೊಡಲು ಹೋದೆ. ಬೀಗರು ಕೇಳುವ ಸ್ಥಿತಿಯಲ್ಲಿರಲಿಲ್ಲ, ಟವೆಲ್ಲಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದರು. "ಕಣ್ಣಿನ ವರ್ಣನೆ ಅಂದಿದ್ದಿಯಲ್ಲಪ್ಪ" ಎಂದಳು ಮಗಳು. ಅಳಿಯ ಮೊದಲಿನಿಂದ ಇನ್ನೊಮ್ಮೆ ಹಾಕಿದ.

ನಗದೆ ಕೂತವಳು ಶಾಂತವ್ವ ಒಬ್ಬಳೇ. "ಉಳಿದ ಪದ?" ಎಂದಳು. ಹಸಿರಿನಲ್ಲಿ ಹಾಡಿದ್ದು ಒಂದೂ ಒಳಗೆ ಹೋಗಿಲ್ಲ, ಎಸ್.ಟಿ.ಬಿ.ವೈ. ಎಂದರೆ ಕೆಲಸ ಶುರುಮಾಡದೆ ತಯಾರಾಗಿ ನಿಂತಿರುವುದು, ಆರ್.ಇ.ಸಿ. ಎಂದರೆ ರೆಕಾರ್ಡು ಎಂದು ಅಳಿಯ ಮೆಲ್ಲಗೆ ಹೇಳಿದ. ಆಕೆ ಎದ್ದು ಒಳಗೆ ಹೋದಳು. ಈ ಸಲ ಅಡುಗೆಮನೆಯಿಂದ ನಗು ಕೇಳಲಿಲ್ಲ. ಚಿಗವ್ವ ಒಂದೇ ಸಲ ಎಂದಿದ್ದಳು, ಆ ಒಂದು ಸಲವೇ ನಾನು ಕಾಲುವೆಯ ತೂಬು ಮುಚ್ಚಿಟ್ಟುಕೊಂಡು ಗದ್ದೆಗೆ ನೀರು ಕಟ್ಟಿದ್ದೆ. ಬೀಗರು ಹೋದ ಮೇಲೆ ಬಹಳ ಹೊತ್ತು ನಾನು ಟಿವಿಯ ಮುಂದೆ ಕೂತಿದ್ದೆ, ಟಿವಿ ಆಫ್ ಆಗಿತ್ತು.

ಸುದ್ದಿ ಅಷ್ಟರಲ್ಲೇ ಸಂತೆಕಲ್ಲೂರಿಗೆ ಮುಟ್ಟಿತ್ತು, ಸಂಜೆ ಶಾಂತವ್ವನ ಫೋನಿಗೆ ಒಂದು ಕರೆ ಬಂತು. ಆಕೆ ಕೇಳಿಸಿಕೊಂಡು ನನ್ನ ಕೈಗೆ ಕೊಟ್ಟಳು. ಮೂಗು ಹಿಡಿದುಕೊಂಡ ಒಂದು ಹಳೆಯ ದನಿ, "ನಾವು ರೇಡಿಯೋದವ್ರು ಮಾತಾಡಾಕತ್ತೀವಿ. ನಿಮ್ಮ ಪದ ಭಾಳ ಛಲೋ ಐತಿ, ಮುಂದುವರಸ್ರಿ" ಎಂದಿತು.

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

"ಎಷ್ಟು ಲಗ್ನ ನೋಡೀನಿ ನಾ," ಎಂದಳು ಚಿಗವ್ವ, ಮೂಗು ಬಿಟ್ಟು. "ವಿಡಿಯೋದವನ ಮಷಿನ್ನಿಗೆ ಕೆಂಪು ದೀಪ ಹತ್ತಿತಂದ್ರ ಸೆರಗು ಸರಿ ಮಾಡ್ಕೋಬೇಕಂತ ನಮ್ಮ ಓಣಿ ಕೂಸಿಗೂ ಗೊತ್ತೈತಿ. ದೀಪಿಲ್ಲದ ಮಷಿನ್ ಮುಂದ ಯಾಕ ಗಂಟಲ ಹರಕೋಬೇಕಂತ ಅರ್ಧ ದನ್ಯಾಗ ಹಾಡಿದೆ. ನೀ ದೀಪ ಹಚ್ಚಿ ಮಕ್ಕೊಂಡದ ಅಂದಿ, ಆಗ ಬಾಯಿ ಬಿಟ್ಟೆ. ಶಾಂತಾನ್ನ ಕಳಸು, ನಾ ಇನ್ನೂ ಹಾಡಿಲ್ಲ. ನೀ ಬರಬ್ಯಾಡ."

ಮರುದಿನ ಬೆಳಿಗ್ಗೆ ಶಾಂತವ್ವ ಟಿವಿ ಟೇಬಲ್ಲಿನ ಕಾಲನ್ನು ಎತ್ತಿಸಿ ಆ ಪುಸ್ತಕವನ್ನು ತೆಗೆದುಕೊಂಡಳು. ಕನ್ನಡಕ ಹಾಕಿಕೊಂಡು ಮೊದಲ ಪುಟದಿಂದ ಓದುತ್ತ ಬಸ್ಸು ಹತ್ತಿದಳು. ನಾನು ಸ್ಟ್ಯಾಂಡಿನವರೆಗೆ ಕ್ಯಾಮೆರಾದ ಚೀಲ ಹೊತ್ತೆ. ಅಷ್ಟಕ್ಕೆ ಮಾತ್ರ ಅನುಮತಿ ಇತ್ತು. ಮನೆಗೆ ಬಂದು ಕುಂಟುವ ಟೇಬಲ್ಲಿನ ಮೇಲೆ ಚಹಾ ಇಟ್ಟುಕೊಂಡು, ಚೆಲ್ಲಿದ್ದನ್ನು ಒರೆಸುತ್ತಿದ್ದಾಗ ಫೋನು ಬಂತು. ಎತ್ತಿ, "ಆ ಕಡಿ ಯಾರದಾರ ಮೊದಲ ಹೇಳು" ಎಂದೆ.

"ನಾ ರೀ," ಎಂದಳು ಶಾಂತವ್ವ. ಫೋನನ್ನು ಸ್ಪೀಕರಿಗೆ ಹಾಕಿದ್ದಳೆಂದು ಕಾಣುತ್ತದೆ, ಹಿಂದೆ ಚಿಗವ್ವನ ನಗು ಕೇಳುತ್ತಿತ್ತು, ಅಕ್ಕಪಕ್ಕದ ಹೆಂಗಸರದೂ. "ಎಲ್ಲಾ ಪದ ಬಂದ್ವು, ನೆಟ್ಟಗ ಬಂದ್ವು. ಈಗ ಚಿಗವ್ವ ನಿಮ್ಮ ಮ್ಯಾಲ ಹೊಸಾದೊಂದು ಕಟ್ಟ್ಯಾಳ, ಡ್ರೈವರನ ಕೆಂಪು ದೀಪದ್ದು. ಹಾಡಲೇನು ಅಂತ ಕೇಳಾಕತ್ಯಾಳ."

"ಹಾಡ್ಲಿ," ಎಂದೆ, "ಆದ್ರ ದೀಪ ಹಚ್ಚಬ್ಯಾಡ."

"ಆಗ್ಲೇ ಹಚ್ಚೀನ್ರಿ," ಎಂದಳು. "ನೀವು ಮಾತಾಡಿದ್ದೂ ಬಂತು."